ತೊಗರಿ ಕಟಗಿಯೊಳಗಿನ ದ್ರಾವಕ

ಕಲಬುರಗಿ ಜಿಲ್ಲೆಯ ಸರಸಂಬಾ ತಲುಪಿದಾಗ ತೊಗರಿ ರಾಶಿ ಮುಗಿದಿತ್ತು. ಬಿರುಕು ಬಿಟ್ಟ ಎರೆ ಹೊಲ, ಮನೆ ಮನೆಯ ಹಿಂದೆ ಆಳೆತ್ತರದ ಕಟಗಿ ಬಣಮಿ. 2019ರಲ್ಲಿ ಜಿಐ ಮಾನ್ಯತೆ ಪಡೆದ ಕಲಬುರಗಿ ಬೇಳೆಯನ್ನು ಕೊಂಡಾಡದವರಿಲ್ಲ. ನಾನು ನೋಡಲು ಬಂದದ್ದು ಕಟಗಿಯನ್ನು.

ಈ ಒಣ ಕಡ್ಡಿಯಲ್ಲಿ ಸಕ್ಕರೆಯಿದೆ! ನಾರಿನೊಳಗೆ ಸರಪಳಿಯಾಗಿ ಕೂತ ಐದು ಇಂಗಾಲದ ಸಕ್ಕರೆ, ಕ್ಸೈಲೋಸ್. ಆಮ್ಲ ಬೆರೆಸಿ ಬಿಸಿ ಹಬೆ ಹಾಯಿಸಿದರೆ ಸರಪಳಿ ಬಿಚ್ಚಿಕೊಳ್ಳುತ್ತದೆ, ಪ್ರತಿ ಅಣು ಮೂರು ನೀರಿನಣು ಕಳೆದುಕೊಂಡು ಫರ್ಫ್ಯೂರಾಲ್ ಆಗುತ್ತದೆ. ಅಮೆರಿಕದ ಕ್ವೇಕರ್ ಓಟ್ಸ್ ಕಂಪನಿ 1920ರ ದಶಕದಲ್ಲೇ ಓಟ್ಸ್ ಹೊಟ್ಟಿನಿಂದ ಇದನ್ನು ಟನ್ನುಗಟ್ಟಲೆ ತೆಗೆಯಿತು. ಕಬ್ಬಿನ ಸಿಪ್ಪೆ, ಮೆಕ್ಕೆಜೋಳದ ದಿಂಡು, ಎಲ್ಲವೂ ನಡೆಯುತ್ತವೆ.

ಬೆರಗು ಶುರುವಾಗುವುದು ಮುಂದಿನ ಹೆಜ್ಜೆಯಲ್ಲಿ. ಕಳೆದುಹೋದದ್ದು ಮೂರು ನೀರು. ಈಗ ಸೇರಬೇಕಾದದ್ದು ಮೂರು ಹೈಡ್ರೋಜನ್ ಅಣು. ಮೊದಲನೆಯದು ಸೇರಿದರೆ ಫರ್ಫ್ಯೂರೈಲ್ ಆಲ್ಕೋಹಾಲ್. ಎರಕದ ಅಚ್ಚಿನ ಮರಳನ್ನು ಹಿಡಿದಿಡುವ ಅಂಟು ಇದರಿಂದಲೇ ಆಗುತ್ತದೆ. ಇನ್ನೆರಡು ಸೇರಿದರೆ ಟೆಟ್ರಾಹೈಡ್ರೋಫರ್ಫ್ಯೂರೈಲ್ ಆಲ್ಕೋಹಾಲ್: 178 ಡಿಗ್ರಿಯಲ್ಲಿ ಕುದಿಯುವ, ನೀರಿನಲ್ಲೂ ಸಲೀಸಾಗಿ ಬೆರೆಯುವ, ಹಳೆಯ ಬಣ್ಣ ಕಳಚುವ ದ್ರಾವಕ.

ಹೈಡ್ರೋಜನ್ ತಾನಾಗಿ ಸೇರುವುದಿಲ್ಲ, ಕ್ರಿಯಾವರ್ಧಕವಾಗಿ ಲೋಹದ ಪುಡಿ ಬೇಕು. ನಿಕ್ಕಲ್ ಈ ಕೆಲಸ ಮಾಡಬಲ್ಲದೆಂದು ತೋರಿಸಿದ ಫ್ರಾನ್ಸಿನ ಪಾಲ್ ಸಬಾಟಿಯೆಗೆ 1912ರಲ್ಲಿ ನೊಬೆಲ್ ಬಂತು. ನಮ್ಮ ಅಡುಗೆಮನೆಯ ಡಾಲ್ಡಾ ಕೂಡ ಅದೇ ವಿದ್ಯೆಯ ಕೂಸು. ಆದರೆ ಲೋಹಕ್ಕೊಂದು ಗುಣ. ತಾಮ್ರ, ಕಸ ಕಿತ್ತು ಬೆಳೆ ಉಳಿಸುವ ಕೈಯ ಹಾಗೆ, ಅಣುವಿನ ಅಂಚಿನ ಆಮ್ಲಜನಕದ ಜೋಡಿಬಂಧವನ್ನಷ್ಟೇ ಮುಟ್ಟಿ ಪರಮಾಣುಗಳ ಉಂಗುರವನ್ನು ಬಿಟ್ಟುಬಿಡುತ್ತದೆ. ನಿಕ್ಕಲ್ ಉಂಗುರಕ್ಕೂ ಕೈಹಾಕುತ್ತದೆ. ದ್ರಾವಕಕ್ಕೆ ಬೇಕಾದದ್ದು ಅದೇ.

ಈ ವಿಧಾನದ ಸುಧಾರಣೆಯೆಂದರೆ ಲೋಹಗಳ ಗುಣಗಳನ್ನು ಪಳಗಿಸುವುದು. ಹೈಡ್ರೋಜನ್ ದ್ರವದಲ್ಲಿ ಕರಗುವುದೇ ಕಡಿಮೆ; ಒತ್ತಡ ಹೆಚ್ಚಿಸಿ ಜೋರಾಗಿ ಕಲಕಬೇಕು. ಕ್ರಿಯೆ ತಾನೇ ಶಾಖ ಉಗುಳುತ್ತದೆ. ಅದನ್ನು ಹೊರತೆಗೆಯದಿದ್ದರೆ ಅಣು ಮುರಿದು ಬೇಡದ್ದು ಹುಟ್ಟುತ್ತದೆ, ಅಂಟು ಮೆತ್ತಿಕೊಂಡು ಲೋಹ ಕುರುಡಾಗುತ್ತದೆ. ಹಳೆಯ ಕ್ರಿಯಾವರ್ಧಕದಲ್ಲಿ ತಾಮ್ರದ ಜೊತೆ ಕ್ರೋಮಿಯಂ ಇತ್ತು. ಅದರ ತ್ಯಾಜ್ಯ ವಿಷ. ಕ್ರೋಮಿಯಂ ಬಿಟ್ಟು ಸಿಲಿಕಾದ ಮೇಲೆ ತಾಮ್ರ ಹರಡುವ ಪ್ರಯೋಗಗಳು ಅದಕ್ಕಾಗಿಯೇ. ಇಳುವರಿಯ ಲೆಕ್ಕಕ್ಕಿಂತ ಇದು ದೊಡ್ಡ ಸುಧಾರಣೆ ಎಂದೇ ನನ್ನೆಣಿಕೆ.

ಇದನ್ನೆಲ್ಲ ಉತ್ಸಾಹದಲ್ಲಿ ಹೇಳುತ್ತಿದ್ದೆ. ಬಣಮಿಯಿಂದ ಕಟಗಿ ಎಳೆಯುತ್ತಿದ್ದ ಅವ್ವ ಒಬ್ಬಳು ತಲೆಯೆತ್ತಿ ಕೇಳಿದಳು: "ಎಲ್ಲಾ ಒಯ್ದ್ರ ಒಲಿಗಿ ಏನ್ ಹಚ್ಚೋದ್ರಿ?"

ಫರ್ಫ್ಯೂರಾಲ್ ತೆಗೆದ ಮೇಲೂ ಸಿಪ್ಪೆ ಉಳಿಯುತ್ತದೆ, ಅದೂ ಉರಿಯುತ್ತದೆ ಎಂದೆ. ನಿಜವೇ. ಆದರೆ ಉರಿಯುವುದು ಕಾರ್ಖಾನೆಯ ಬಾಯ್ಲರಿನಲ್ಲಿ. ಇದೇ ತಾಲ್ಲೂಕಿನ ಭೂಸನೂರಿನ ಸಕ್ಕರೆ ಕಾರ್ಖಾನೆಯಂಥ ಕಡೆ ಕಬ್ಬಿನ ಸಿಪ್ಪೆ ಒಂದೇ ಅಂಗಳಕ್ಕೆ ಬಂದು ಬೀಳುತ್ತದೆ. ತೊಗರಿ ಕಟಗಿಯನ್ನು ಹೊಲ ಹೊಲ ಸುತ್ತಿ ಕೂಡಿಹಾಕಬೇಕು, ಅವ್ವನಿಗೆ ಒಲೆಯ ಬೆಲೆಗಿಂತ ಹೆಚ್ಚು ಕೊಡಬೇಕು.

"ಕೊಟ್ರ ಕೊಡೋಣಂತ," ಎಂದು ಅವಳು ಹೊರೆ ಎತ್ತಿಕೊಂಡಳು.