ಎಲೀಯನ ರೊಟ್ಟಿ

2021ರ ಅಕ್ಟೋಬರ್ ತಿಂಗಳಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದ ನೆಲ ಮೇಲಿಂದ ಮೇಲೆ ನಡುಗಿತು. ಅಕ್ಟೋಬರ್ 11ರ ರಾತ್ರಿ ಹತ್ತರ ಸುಮಾರಿಗೆ ಆದ ಕಂಪನದ ಪ್ರಮಾಣ 4.1. ನೆಲದಾಳದಿಂದ ಗುಡುಗಿನಂಥ ಸಪ್ಪಳ, ಅದರ ಹಿಂದೆಯೇ ಪಾತ್ರೆಗಳು ಉರುಳುವ ಸದ್ದು. ಕಲ್ಲು ಮಣ್ಣಿನ ಗೋಡೆ, ಮೇಲೆ ಪರಸಿ ಕಲ್ಲಿನ ಹೊದಿಕೆ ಇರುವ ಮನೆಯೊಳಗೆ ಮಲಗಲು ಯಾರಿಗೆ ಧೈರ್ಯ ಬಂದೀತು? ಜನ ಬಯಲಿನಲ್ಲಿ ರಾತ್ರಿ ಕಳೆದರು. ಎಷ್ಟೋ ಮಂದಿ ಹಾಸಿಗೆ ಬಟ್ಟೆ ಕಟ್ಟಿಕೊಂಡು ನೆಂಟರ ಊರು ಸೇರಿದರು.

ಹಾಗೆ ತಾಯಿಯ ಜೊತೆ ಚಿಮ್ಮನಚೋಡದ ಮುತ್ಯಾನ ಮನೆಗೆ ಬಂದವನು ನಾಲ್ಕನೆಯ ತರಗತಿಯ ಒಬ್ಬ ಹುಡುಗ. ಕೊರೊನಾದಿಂದಾಗಿ ಮುಚ್ಚಿದ್ದ ಕಿರಿಯ ತರಗತಿಗಳು ಆಗಿನ್ನೂ ತೆರೆದಿರಲಿಲ್ಲ. ಹಗಲೆಲ್ಲ ಮುಲ್ಲಾಮಾರಿ ಹೊಳೆಯ ಕಡೆ ನೋಡುತ್ತ ಕಟ್ಟೆಯ ಮೇಲೆ ಕೂಡುತ್ತಿದ್ದ. ಕತ್ತಲಾದರೆ ಮನೆಯೊಳಗೆ ಕಾಲಿಡಲು ಒಲ್ಲೆ ಎನ್ನುತ್ತಿದ್ದ. ಮುತ್ಯಾ ಊರ ಸಭೆಯಲ್ಲಿ ಹಿರಿಯ, ಪ್ರಾರ್ಥನೆಯಲ್ಲಿ ಕಟ್ಟುನಿಟ್ಟು. "ದೇವರ ಮ್ಯಾಲ ವಿಶ್ವಾಸ ಇದ್ದವ್ರು ಅಂಜಬಾರ್ದೋ ತಮ್ಮಾ. ಅದರಾಗ ನೀ ಗಂಡುಮಗ" ಎಂದು ಎರಡು ಮೂರು ಸಲ ಹೇಳಿದ. ಹುಡುಗ ತಲೆ ಅಲ್ಲಾಡಿಸಿದ, ಹೊರಗೇ ಮಲಗಿದ.

ಮುಂದಿನ ಭಾನುವಾರ ಆರಾಧನೆ ಮುಗಿದ ಮೇಲೆ ಸಂಡೇ ಸ್ಕೂಲು. ಪಾಠ ಹೇಳುವ ಅಕ್ಕೋರು ವಾರದ ಉಳಿದ ದಿನ ಅಂಗನವಾಡಿ ಮಕ್ಕಳನ್ನು ನೋಡಿಕೊಳ್ಳುವಾಕೆ. ಅಂದಿನ ಕಂಠಪಾಠದ ವಾಕ್ಯ, ಸಂದರ್ಭಕ್ಕೆ ತಕ್ಕಂತೆ, ಭಯಪಡಬೇಡ ಎಂಬ ಅರ್ಥದ್ದು. ಗಡಿಕೇಶ್ವಾರದ ಹುಡುಗ ಎದ್ದು ನಿಂತು ಒಂದಕ್ಷರ ತಪ್ಪದೆ ಒಪ್ಪಿಸಿದ. ಅಷ್ಟರಲ್ಲಿ ಕಲ್ಲು ತುಂಬಿದ ಲಾರಿಯೊಂದು ರಸ್ತೆಯಲ್ಲಿ ಹಾಯ್ದುಹೋಯಿತು. ಕಿಟಕಿ ಗಡಗಡ ಎಂದಿತು. ಹುಡುಗ ಬಾಗಿಲ ಕಡೆ ಓಡಿದ. ಓಡುವಾಗ ಅವನ ಚಡ್ಡಿ ಒದ್ದೆಯಾಗಿದ್ದನ್ನು ಹಿಂದಿನ ಸಾಲಿನವರು ನೋಡಿದರು. ನಗು ಎದ್ದಿತು.

ವಾಕ್ಯ ಬಾಯಿಗೆ ಬಂದಿತ್ತು, ಅಂಜಿಕೆ ಹೊಟ್ಟೆಯಲ್ಲೇ ಇತ್ತು. ಮಕ್ಕಳಿಗೆ ಧರ್ಮದ ಪಾಠ ಹೇಳುವ ಎಲ್ಲರೂ, ಯಾವ ಧರ್ಮದವರೇ ಇರಲಿ, ಒಮ್ಮೆ ಎದುರಿಸಬೇಕಾದ ಕ್ಷಣ ಇದು.

ಅಂಜುವುದೇ ಅವಿಶ್ವಾಸ ಎಂದು ತಿಳಿದವರು ನಮ್ಮಲ್ಲಿ ಬಹಳ. ಬೈಬಲಿನಲ್ಲಿ ಅಂಜಬೇಡ ಎಂಬ ಮಾತು 365 ಸಲ ಬರುತ್ತದೆ, ವರ್ಷದ ದಿನಕ್ಕೊಂದರಂತೆ, ಎಂದು ಎಷ್ಟೋ ಪ್ರಸಂಗಗಳಲ್ಲಿ ಕೇಳಿಬರುತ್ತದೆ. ಕೂತು ಎಣಿಸಿದರೆ ಅಷ್ಟು ಸಿಗುವುದಿಲ್ಲ. ಸಿಕ್ಕಷ್ಟನ್ನು ಓದಿದರೆ ಬೇರೆಯೇ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಅಂಜಬೇಡ ಎಂದ ಹಲವು ಕಡೆ, ನಾನು ನಿನ್ನ ಸಂಗಡ ಇದ್ದೇನೆ ಎಂಬ ಭರವಸೆಯೂ ಅದರ ಪಕ್ಕದಲ್ಲೇ ಇದೆ. ಅಂದರೆ ಅದು ಗದರಿಕೆಯಲ್ಲ, ಜೊತೆಗೆ ಬಂದು ಕೂತವರು ಆಡುವ ಮಾತು. ಮನೆಯಲ್ಲಿ ನಾವು ಮೊದಲರ್ಧ ಹೇಳಿ ಎದ್ದುಹೋಗುತ್ತೇವೆ.

ಅಕ್ಕೋರು ಅಂದಿನ ಪಾಠ ಮುಚ್ಚಿಟ್ಟರು. ನಕ್ಕವರನ್ನು ಬಯ್ಯಲಿಲ್ಲ. ಹುಡುಗನಿಗೆ ಒಂದು ಟವೆಲು ಕೊಟ್ಟು, ಎಲ್ಲರನ್ನೂ ಹೊರಗೆ ಜಾಲಿಗಿಡದ ನೆರಳಿಗೆ ಕರೆದುಕೊಂಡು ಹೋಗಿ ಎಲೀಯನ ಕಥೆ ಶುರು ಮಾಡಿದರು. ಕನ್ನಡ ಬೈಬಲು ಓದಿದವರಿಗೆ ಗೊತ್ತಿರುವಂತೆ ಆ ಕಥೆಯಲ್ಲೂ ಒಂದು ಜಾಲಿಗಿಡ ಇದೆ. ಅರಸುಗಳ ಮೊದಲನೆಯ ಪುಸ್ತಕದ 19ನೆಯ ಅಧ್ಯಾಯ.

ಎಲೀಯ ಸಾಧಾರಣ ಮನುಷ್ಯನಲ್ಲ, ದೊಡ್ಡ ಪ್ರವಾದಿ. ರಾಜನ ಎದುರು ನಿಂತು ಮಾತಾಡಿದವನು. ಆದರೆ ರಾಣಿ ಈಜೆಬೆಲ್ ಕೊಲ್ಲಿಸುತ್ತೇನೆಂದು ಹೇಳಿ ಕಳಿಸಿದ ದಿನ ಅವನು ಪ್ರಾಣಭಯದಿಂದ ಓಡಿದ. ಅಡವಿಯಲ್ಲಿ ಒಂದು ದಿನದ ದಾರಿ ನಡೆದು, ಜಾಲಿಗಿಡದ ಕೆಳಗೆ ಕೂತು, ಇನ್ನು ಸಾಕು, ನನ್ನ ಜೀವ ತೆಗೆದುಕೋ ಎಂದು ದೇವರನ್ನು ಕೇಳಿ ಮಲಗಿಬಿಟ್ಟ. ಆಗ ದೇವದೂತ ಬಂದ. ಬಂದವನು ಮಾಡಿದ್ದೇನು? ಉಪದೇಶ ಹೇಳಲಿಲ್ಲ, ನಿನ್ನ ವಿಶ್ವಾಸ ಎಲ್ಲಿ ಹೋಯಿತು ಎಂದು ಕೇಳಲಿಲ್ಲ. ತಟ್ಟಿ ಎಬ್ಬಿಸಿ ಊಟ ಮಾಡು ಎಂದ. ತಲೆಯ ಹತ್ತಿರ ಬಿಸಿ ಕಲ್ಲಿನ ಮೇಲೆ ಸುಟ್ಟ ರೊಟ್ಟಿ, ನೀರು. ಎಲೀಯ ತಿಂದ, ಕುಡಿದ, ಮತ್ತೆ ಮಲಗಿದ. ದೂತ ಮಲಗಲು ಬಿಟ್ಟ. ಎರಡನೆಯ ಸಲ ಎಬ್ಬಿಸಿ ಮತ್ತೆ ಉಣಿಸಿದ.

ಇಲ್ಲಿಗೆ ಬಂದಾಗ ಟವೆಲು ಸುತ್ತಿಕೊಂಡ ಹುಡುಗ ಮೊದಲ ಸಲ ಬಾಯಿ ತೆರೆದ. "ಜೋಳದ ರೊಟ್ಟಿ ಏನ್ರೀ ಅಕ್ಕೋರೆ?"

"ಆ ಸೀಮ್ಯಾಗ ಏನ್ ಬೆಳೀತಿದ್ರೋ ಯಪ್ಪಾ. ನಮ್ಮ ಕಡಿ ಆಗಿದ್ರ ಜೋಳದ್ದೇ ತರ್ತಿದ್ದ."

ಕಥೆ ಮುಂದೆ ಹೋಗುತ್ತದೆ. ನಲವತ್ತು ದಿನ ನಡೆದು ಎಲೀಯ ಹೋರೇಬ್ ಬೆಟ್ಟದ ಗವಿ ಸೇರುತ್ತಾನೆ. ಬಂಡೆ ಸೀಳುವ ಬಿರುಗಾಳಿ ಬೀಸುತ್ತದೆ. ಆಮೇಲೆ ಭೂಕಂಪ. ಆಮೇಲೆ ಬೆಂಕಿ. ಈ ಮೂರರಲ್ಲೂ ದೇವರು ಇರಲಿಲ್ಲ ಎಂದು ಆ ಪುಸ್ತಕ ಒಂದೊಂದಕ್ಕೂ ಬಿಡಿಸಿ ಹೇಳುತ್ತದೆ. ಕೊನೆಗೆ ಒಂದು ಮೆಲುದನಿ, ಅದರ ಹಿಂದೆ ಒಂದು ಪ್ರಶ್ನೆ: ಇಲ್ಲಿ ಏನು ಮಾಡುತ್ತಿದ್ದೀ? ಎಲೀಯ ತನ್ನ ಸಂಕಟವನ್ನೆಲ್ಲ ಹೇಳಿಕೊಳ್ಳುತ್ತಾನೆ.

ಭೂಕಂಪದೊಳಗೆ ದೇವರು ಇರಲಿಲ್ಲ ಎಂಬ ಮಾತು ಕೇಳಿದ ಮೇಲೆ ಹುಡುಗ ಬಹಳ ಹೊತ್ತು ನೆಲ ಕೆರೆಯುತ್ತ ಕೂತಿದ್ದ. ಮಕ್ಕಳೆಲ್ಲ ಹೋದ ಮೇಲೆ ಕಾರಣ ಹೊರಬಿತ್ತು. ನೆಲ ನಡುಗುವ ನಾಲ್ಕು ದಿನ ಮೊದಲು ತಾಯಿ ಇಟ್ಟಿದ್ದ ಹತ್ತು ರೂಪಾಯಿ ಕದ್ದಿದ್ದ, ಕೇಳಿದಾಗ ತಂಗಿಯ ಮೇಲೆ ಹಾಕಿದ್ದ. ಬಯಲಿನಲ್ಲಿ ಮಲಗಿದ ರಾತ್ರಿ ದೊಡ್ಡವರು ಯಾರೋ, ಪಾಪ ಹೆಚ್ಚಾದರೆ ಭೂಮಿ ತಡಕೊಳ್ಳುವುದಿಲ್ಲ ಎಂದದ್ದನ್ನು ಕೇಳಿದ್ದ. ಎರಡನ್ನೂ ಕೂಡಿಸಿ ಲೆಕ್ಕ ಮಾಡಿದ್ದ. ಇಡೀ ಗಡಿಕೇಶ್ವಾರವನ್ನು ತಾನೇ ನಡುಗಿಸಿದೆನೆಂಬ ಭಾರ ಒಂಬತ್ತು ವರ್ಷದ ಎದೆಯ ಮೇಲೆ!

ದೊಡ್ಡವರು ತಮ್ಮ ತಮ್ಮಲ್ಲಿ ಆಡಿಕೊಳ್ಳುವ ಮಾತು ಮಕ್ಕಳ ಕಿವಿಯಲ್ಲಿ ಹೇಗೆ ಬೆಳೆಯುತ್ತದೆ ಎಂಬುದಕ್ಕೆ ಇನ್ನೊಂದು ಉದಾಹರಣೆ ಬೇಕಿಲ್ಲ.

ಅಕ್ಕೋರು ಹೇಳಿದ್ದು ಇಷ್ಟೇ: "ನೆಲ ನಡಗಿದ್ದಕ್ಕ ನೀ ಕಾರಣ ಅಲ್ಲ. ಹತ್ತು ರೂಪಾಯಿಗೆ ನೀನೇ ಕಾರಣ. ಅದನ್ನ ಅವ್ವಗ ಹೇಳು, ತಂಗಿಗೂ ಹೇಳು." ಜೊತೆಗೆ ಲೂಕನ ಪುಸ್ತಕದ ಒಂದು ಸಂಗತಿಯನ್ನೂ ತಿಳಿಸಿದರು. ಸಿಲೋವದಲ್ಲಿ ಬುರುಜು ಬಿದ್ದು ಹದಿನೆಂಟು ಮಂದಿ ಸತ್ತಿದ್ದರು. ಅವರು ಊರಿನ ಉಳಿದವರಿಗಿಂತ ಹೆಚ್ಚು ಪಾಪಿಗಳೆಂದು ತಿಳಿದಿರೋ ಎಂದು ಯೇಸು ಜನರನ್ನು ಕೇಳಿ, ಅಲ್ಲವೆಂದು ತಾನೇ ಹೇಳುತ್ತಾನೆ. ಮುಂದಿನ ಮಾತು ಎಲ್ಲರೂ ಮನಸ್ಸು ತಿರುಗಿಸಿಕೊಳ್ಳಬೇಕೆಂಬುದು, ನಿಜ. ಆದರೆ ಬಿದ್ದ ಗೋಡೆಗೂ ಸತ್ತವರ ಪಾಪಕ್ಕೂ ಲೆಕ್ಕ ಜೋಡಿಸುವುದನ್ನು ಅವನು ಅಲ್ಲಿಯೇ ಕಡಿದುಹಾಕಿದ. ತಪ್ಪಿಗೆ ನಾಚಿಕೆ ಬೇಕು, ಅದು ಒಳ್ಳೆಯ ಭಾವನೆ. ಮಾಡದ ತಪ್ಪಿಗೆ ಅಂಜಿಕೆ ಬೇಡ. ಈ ಎರಡನ್ನು ಬೇರೆ ಬೇರೆ ಮಾಡಿ ತೋರಿಸುವ ಕೆಲಸವನ್ನು ದೊಡ್ಡವರೇ ಮಾಡಬೇಕು, ಮಗು ಒಂಟಿಯಾಗಿ ಮಾಡಲಾರದು.

ನೆಲ ಏಕೆ ನಡುಗಿತೆಂಬುದಕ್ಕೆ ವಿಜ್ಞಾನದ ಉತ್ತರವೂ ಮಕ್ಕಳಿಗೆ ಸಿಗಬೇಕು. ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯವರು ಈ ಭಾಗಕ್ಕೆ ಬಂದು ಉಪಕರಣ ಇಟ್ಟು ನೋಡಿದರು. ಭಾರಿ ಮಳೆಯ ನೀರು ಬಂಡೆಗಳ ಬಿರುಕಿಗೆ ಇಳಿದಾಗ ಒಳಗಿನ ಒತ್ತಡ ಬದಲಾಗಿ ಇಂಥ ಸಣ್ಣ ಕಂಪನಗಳು ಆಗಬಲ್ಲವು ಎಂಬುದು ತಜ್ಞರು ಕೊಟ್ಟ ವಿವರಣೆ. ಈ ಸೀಮೆಯ ಹಿರಿಯರಿಗೆ 1993ರ ಸೆಪ್ಟೆಂಬರ್ 30ರ ನಸುಕು ಇನ್ನೂ ಮರೆತಿಲ್ಲ. ಗಡಿಯಾಚೆ ಲಾತೂರ ಜಿಲ್ಲೆಯ ಕಿಲ್ಲಾರಿಯಲ್ಲಿ 6.2 ಪ್ರಮಾಣದ ಭೂಕಂಪಕ್ಕೆ ಹತ್ತು ಸಾವಿರದಷ್ಟು ಜನ ಸತ್ತರು. 4.1ಕ್ಕೂ 6.2ಕ್ಕೂ ಅಂತರ ಬರೀ ಎರಡು ಚಿಲ್ಲರೆ ಎಂದು ಕಾಣುತ್ತದೆ. ಹೊರಬಿದ್ದ ಶಕ್ತಿಯ ಲೆಕ್ಕದಲ್ಲಿ ಅದು ಸಾವಿರ ಪಟ್ಟಿಗೂ ಮಿಕ್ಕ ಅಂತರ. ಹೈಸ್ಕೂಲಿನ ಮಕ್ಕಳು ಇದನ್ನು ಕೂತು ಬಿಡಿಸಿ ನೋಡಲಿ. ಅಂಜಿಕೆಗೆ ಅಳತೆ ಸಿಕ್ಕರೆ ಸ್ವಲ್ಪವಾದರೂ ಕುಗ್ಗುತ್ತದೆ.

ಆದರೆ ನಾಲ್ಕನೆಯ ತರಗತಿಯವನ ಹೊಟ್ಟೆಗೆ ಅಂಕಿ ಇಳಿಯುವುದಿಲ್ಲ. ಮುಂದಿನ ವಾರ ಅಕ್ಕೋರು ಮಕ್ಕಳನ್ನು ಕೇಳಿದ್ದು ಬೇರೆ: ಅಂಜಿಕೆ ಬಂದಾಗ ಮೈಯಾಗ ಎಲ್ಲಿ ಗೊತ್ತಾಗ್ತದ? "ಎದಿ ಝಲ್ ಅಂತದ್ರಿ." "ಹೊಟ್ಟ್ಯಾಗ ಕಲಸಿದಂಗ ಆಗ್ತದ." "ಕಾಲಾಗ ನೀರ್ ಬಂದಂಗ." ಹಿಂದಿನ ವಾರ ಎಲ್ಲರಿಗಿಂತ ಜೋರಾಗಿ ನಕ್ಕ ಹುಡುಗಿ, ಅಪ್ಪ ಕುಡಿದು ಬಂದ ರಾತ್ರಿ ತನ್ನ ಹಲ್ಲು ಕಟಕಟ ಎನ್ನುತ್ತವೆ ಎಂದಳು. ಅಲ್ಲಿಗೆ ನಗುವ ಮಾತು ಮುಗಿಯಿತು.

ಕನ್ನಡ ಈ ವಿಷಯದಲ್ಲಿ ಬಡ ಭಾಷೆಯಲ್ಲ. ಎದೆಗುಂದು, ಹೊಟ್ಟೆಕಿಚ್ಚು, ಕರುಳು ಚುರುಕ್ ಎನ್ನು, ಬ್ಯಾಸರಕಿ, ಕಳವಳ, ಹಳಹಳಿ: ಒಂದೊಂದಕ್ಕೂ ಬೇರೆ ಬಣ್ಣ. ಸುವಾರ್ತೆಯ ಗ್ರೀಕ್ ಮೂಲದಲ್ಲಿ, ಜನರನ್ನು ಕಂಡು ಯೇಸು ಕನಿಕರಪಟ್ಟ ಎನ್ನುವ ಕಡೆ ಬರುವ ಕ್ರಿಯಾಪದ ಕರುಳು ಎಂಬ ಅರ್ಥದ ಶಬ್ದದಿಂದಲೇ ಹುಟ್ಟಿದ್ದು. ನಮ್ಮ ಹಳ್ಳಿಯ ತಾಯಂದಿರಿಗೆ ಅದನ್ನು ಯಾರೂ ವಿವರಿಸಬೇಕಿಲ್ಲ.

ಹೆಸರಿಟ್ಟು ಹೇಳಿದರೆ ಭಾವನೆಯ ಬಿಸಿ ಇಳಿಯುತ್ತದೆಂಬುದು ಬರೀ ನಂಬಿಕೆಯೂ ಅಲ್ಲ. ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮ್ಯಾಥ್ಯೂ ಲೀಬರ್‌ಮನ್ ಮತ್ತು ಸಂಗಡಿಗರು 2007ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಸಿಟ್ಟಿನ, ಅಂಜಿಕೆಯ ಮುಖಗಳ ಚಿತ್ರ ತೋರಿಸಿ, ಆ ಭಾವನೆಗೆ ತಕ್ಕ ಶಬ್ದ ಆರಿಸಲು ಹೇಳಿದಾಗ ಮಿದುಳಿನೊಳಗಿನ ಅಮಿಗ್ಡಾಲ ಎಂಬ ಬಾದಾಮಿ ಆಕಾರದ ಭಾಗದ ಚಟುವಟಿಕೆ ತಗ್ಗಿತು, ಹಣೆಯ ಹಿಂದಿನ ಒಂದು ಭಾಗ ಚುರುಕಾಯಿತು. ಅಪಾಯದ ಗಂಟೆ ಬಾರಿಸುವುದರಲ್ಲಿ ಅಮಿಗ್ಡಾಲದ ಪಾತ್ರ ದೊಡ್ಡದು. ಹಣೆಯ ಹಿಂದಿನ ಭಾಗ ಪೂರ್ತಿ ಬಲಿಯಲು ಇಪ್ಪತ್ತು ವರ್ಷ ದಾಟಬೇಕು. ಮಗು ತಾನೇ ತಾನಾಗಿ ಸಮಾಧಾನ ಮಾಡಿಕೊಳ್ಳಲಿ ಎನ್ನುವ ಪಾಲಕರು ಇದನ್ನು ನೆನಪಿಡಬೇಕು.

ಮುತ್ಯಾ ಸುಮ್ಮನೆ ಒಪ್ಪುವವನಲ್ಲ. ದೋಣಿಯ ಪ್ರಸಂಗ ತೆಗೆದ. ಬಿರುಗಾಳಿಗೆ ಅಂಜಿದ ಶಿಷ್ಯರನ್ನು ಯೇಸು ಅಲ್ಪವಿಶ್ವಾಸಿಗಳೆಂದು ಬಯ್ಯಲಿಲ್ಲವೇ? ಮತ್ತಾಯನ ಪುಸ್ತಕ ತೆರೆದು ತೋರಿಸಿಯೇ ಬಿಟ್ಟ. ಅಕ್ಕೋರು ಮಾರ್ಕನ ಪುಸ್ತಕ ತೆರೆದರು.

"ನೀವು ಓದಿದ್ದು ಖರೇ ಮುತ್ಯಾ. ಅಲ್ಲಿ ಮಾತು ಮೊದಲ, ಆಮ್ಯಾಲ ಗಾಳಿ ನಿಲ್ಸಿದ್ದು. ಇಲ್ಲಿ ನೋಡ್ರಿ, ಮೊದಲ ಗಾಳಿ ನಿಲ್ಸ್ಯಾನ, ಆಮ್ಯಾಲ ಕೇಳ್ಯಾನ. ಸಣ್ಣ ಹುಡುಗರಿಗೆ ಇದೇ ಸಾಲು ಹಿಡೀಬೇಕು."

ಮುತ್ಯಾ ಎರಡನ್ನೂ ಮತ್ತೊಮ್ಮೆ ಓದಿದ. ಒಪ್ಪಿದೆ ಎನ್ನಲಿಲ್ಲ. ಆದರೆ ಅಂದು ರಾತ್ರಿ ತನ್ನ ಹೊರಸು ಎತ್ತಿಕೊಂಡು ಬಂದು ಅಂಗಳದಲ್ಲಿ ಮೊಮ್ಮಗನ ಪಕ್ಕ ಹಾಕಿದ. ಕಿಲ್ಲಾರಿಯ ನಸುಕಿನಲ್ಲಿ ತಾನೂ ಎದ್ದು ಓಡಿದ್ದನ್ನು, ಒಂದು ವಾರ ಕೊಟ್ಟಿಗೆಯ ಹೊರಗೆ ಮಲಗಿದ್ದನ್ನು ಅಂದೇ ಮೊದಲ ಸಲ ಬಾಯಿಬಿಟ್ಟ. ಹುಡುಗ ಎದ್ದು ಕೂತು ಕೇಳಿದನಂತೆ: "ನೀನೂ ಅಂಜಿದ್ದೇನು ಮುತ್ಯಾ?"

ಅಂಜಿಕೆಯ ಮಾತು ದೊಡ್ಡದಾಗಿ ಉಳಿದ ಭಾವನೆಗಳು ಹಿಂದೆ ಬಿದ್ದವು. ಸಿಟ್ಟಿಗೆ ಕಾಯಿನನ ಕಥೆ ಇದೆ. ಅಲ್ಲಿಯೂ ದೇವರು ಶಿಕ್ಷೆಗಿಂತ ಮೊದಲು, ಮುಖ ಯಾಕೆ ಬಾಡಿದೆ ಎಂದು ವಿಚಾರಿಸುತ್ತಾನೆ. ಗಂಡುಮಕ್ಕಳು ಅಳಬಾರದು ಎನ್ನುವವರಿಗೆ ಲಾಜರನ ಸಮಾಧಿಯ ಹತ್ತಿರ ಅತ್ತ ಯೇಸು ಇದ್ದಾನೆ. ಗೆತ್ಸೆಮನೆ ತೋಟದಲ್ಲಿ, ಜೀವ ಹೋಗುವಷ್ಟು ದುಃಖವಾಗಿದೆ ಎಂದು ಗೆಳೆಯರ ಮುಂದೆ ಹೇಳಿಕೊಂಡು, ಎಚ್ಚರವಾಗಿರಿ ಎಂದು ಬೇಡಿದವನೂ ಅವನೇ. ಕೀರ್ತನೆಗಳು 150, ಅವುಗಳಲ್ಲಿ ಗೋಳಿನವು ಬಹಳ, 88ನೆಯದಂತೂ ಕತ್ತಲೆಯಲ್ಲೇ ಮುಗಿಯುತ್ತದೆ. ಯಾರೂ ಅದಕ್ಕೆ ಸಂತೋಷದ ಕೊನೆ ಅಂಟಿಸಲಿಲ್ಲ. ಇಷ್ಟನ್ನೆಲ್ಲ ಕೈಯಲ್ಲಿ ಹಿಡಿದವರು ಮಕ್ಕಳಿಗೆ ಅಳಬೇಡ ಎನ್ನುವುದು ವಿಚಿತ್ರ.

ಕಥೆಗೂ ಒಂದು ಮಿತಿ ಇದೆ. ತಿಂಗಳು ಕಳೆದರೂ ಮಗು ನಿದ್ದೆ ಮಾಡದಿದ್ದರೆ, ಊಟ ಬಿಟ್ಟರೆ, ಮಾತು ನಿಲ್ಲಿಸಿದರೆ ಪ್ರಾರ್ಥನೆಯ ಜೊತೆಗೆ ವೈದ್ಯರೂ ಬೇಕು. 2022ರ ಅಕ್ಟೋಬರಿನಿಂದ ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ ಇದೆ, ಸಂಖ್ಯೆ 14416. ದುಡ್ಡು ಬೇಡ, ಕನ್ನಡದಲ್ಲಿ ಮಾತಾಡಬಹುದು. ಅಂಜಿದ ಎಲೀಯನಿಗೆ ಮೊದಲು ಸಿಕ್ಕದ್ದೂ ಊಟ ಮತ್ತು ನಿದ್ದೆಯೇ.

ದೀಪಾವಳಿ ಕಳೆದ ಮೇಲೆ ಹುಡುಗ ಊರಿಗೆ ಹೋದ. ಹತ್ತು ರೂಪಾಯಿಯ ವಿಷಯ ಹೋಗುವ ಮೊದಲೇ ಹೇಳಿ ಮುಗಿಸಿದ್ದ. ತಂಗಿ ಮಾತ್ರ ಎರಡು ದಿನ ಅವನೊಡನೆ ಮಾತು ಬಿಟ್ಟಿದ್ದಳು. ಕ್ರಿಸ್‌ಮಸ್ಸಿಗೆ ತವರಿಗೆ ಬಂದ ತಾಯಿ ಅಕ್ಕೋರಿಗೆ ಮಗನ ಸುದ್ದಿ ಹೇಳಿದಳು. ಈಗ ಮನೆಯೊಳಗೆ ಮಲಗುತ್ತಾನೆ, ಆದರೆ ಬಾಗಿಲ ಹತ್ತಿರವೇ. ದಿನಾ ರಾತ್ರಿ ಎರಡು ರೊಟ್ಟಿ ಅರಿವೆಯಲ್ಲಿ ಕಟ್ಟಿ, ಒಂದು ತಂಬಿಗೆ ನೀರಿನ ಜೊತೆ ಹೊಸ್ತಿಲ ಪಕ್ಕ ಇಡುತ್ತಾನೆ. ಕೇಳಿದರೆ ಎಲೀಯನ ರೊಟ್ಟಿ ಎನ್ನುತ್ತಾನೆ.

"ಇಲಿ ತಿಂತಾವ ಅಂದ್ರ ಕೇಳಂಗಿಲ್ರಿ ಅಕ್ಕೋರೆ. ಮುಂಜಾನಿ ಎದ್ದು ತಾನೇ ಬಿಚ್ಚಿ, ಚಾದಾಗ ಅದ್ದಿ ತಿಂತಾನ."