ಒಂಬತ್ತನೆಯ ಚೀಲ

ಹೊಸ ಗಾಡಿ ಮನೆಗೆ ಬಂದಾಗ ಅದರ ಮುಂಭಾಗಕ್ಕೆ ಕುಂಕುಮದಿಂದ ಸ್ವಸ್ತಿಕ ಬರೆದು, ಬಸದಿಯ ಮುಂದೆ ಒಂದು ಸಲ ನಿಲ್ಲಿಸಿ, ಆಮೇಲೆಯೇ ಮೊದಲ ಚೀಲ ಏರಿಸುವುದು ನಮ್ಮ ಮನೆತನದ ಪದ್ಧತಿ. 2023ರ ಯುಗಾದಿಯಂದು ಉಮರ್ಗಾದ ನಮ್ಮ ಅಂಗಡಿಯ ಮುಂದೆ ಹೀಗೆ ಎರಡು ಸಣ್ಣ ಸರಕು ಗಾಡಿಗಳು ಬಂದು ನಿಂತವು. ಹಸಿರು ನಂಬರ್ ಪ್ಲೇಟಿನ ಮೇಲೆ ಹಳದಿ ಅಕ್ಷರ. ಸದ್ದಿಲ್ಲ, ಹೊಗೆಯಿಲ್ಲ. ಹಮಾಲರು ಸುತ್ತ ನೆರೆದು, "ಚಾಲೂ ಆಗ್ಯಾದೋ ಇಲ್ಲೋ?" ಎಂದು ಕೇಳಿದರು. ಈ ಬ್ಯಾಟರಿ ಗಾಡಿಗಳಿಂದ ಎಷ್ಟು ಉಳಿಯಿತು ಎಂದು ವ್ಯಾಪಾರಿ ಬಾಂಧವರು ಅನೇಕರು ನಮ್ಮನ್ನು ಕೇಳುತ್ತಾರೆ. ಆ ಲೆಕ್ಕ ಹೇಳುತ್ತೇವೆ. ಆದರೆ ಅದರ ಜೊತೆಗೆ ನಮ್ಮದೇ ತಪ್ಪಿನ ಇನ್ನೊಂದು ಲೆಕ್ಕ ಹೊರಬಂದಿತು. ಅದನ್ನು ಮುಚ್ಚಿಟ್ಟು ಬರೆದರೆ ಬರೆದದ್ದಕ್ಕೆ ಅರ್ಥವಿಲ್ಲ.

ನಮ್ಮದು ಮೂರು ಊರಿನ ವ್ಯಾಪಾರ. ಬೇಳೆಕಾಳಿನ ಸಗಟು ಅಂಗಡಿ ಉಮರ್ಗಾದಲ್ಲಿ, ಅದರ ಶಾಖೆ ನಿಲಂಗಾದಲ್ಲಿ, ದಾಲ್ ಮಿಲ್ ಉದಗೀರದಲ್ಲಿ. ಉಮರ್ಗಾ ಧಾರಾಶಿವ ಜಿಲ್ಲೆಗೆ ಸೇರಿದ್ದು, ಉಳಿದೆರಡು ಲಾತೂರ ಜಿಲ್ಲೆಗೆ. ಮನೆಯೊಳಗೆ ಕನ್ನಡ, ಮೋಂಢಾದಲ್ಲಿ ಮರಾಠಿ. ಉದಗೀರವೊಂದೇ ವಿಕಾರಾಬಾದ–ಪರಳಿ ರೈಲು ಮಾರ್ಗದ ಮೇಲಿದೆ. ಉಮರ್ಗಾಕ್ಕೂ ನಿಲಂಗಾಕ್ಕೂ ರೈಲಿಲ್ಲ. ಹೀಗಾಗಿ ನಮ್ಮ ವ್ಯಾಪಾರವೆಲ್ಲ ಚಕ್ರದ ಮೇಲೆಯೇ ನಿಂತಿದೆ.

ಅಜ್ಜನ ಕಾಲದಲ್ಲಿ ಎತ್ತಿನ ಗಾಡಿಗಳಿದ್ದವು. ಅವರದೊಂದು ಕಟ್ಟುನಿಟ್ಟು: ಗಾಡಿಗೆ ಎಂಟು ಚೀಲ, ಒಂಬತ್ತನೆಯದು ಬೇಡ. ಸುಗ್ಗಿಯಿರಲಿ, ಗಿರಾಕಿ ಬಾಗಿಲಲ್ಲಿ ನಿಂತಿರಲಿ, ಒಂಬತ್ತನೆಯ ಚೀಲ ನಾಳೆಗೆ. ಪ್ರಾಣಿಯ ಮೇಲೆ ಮಿತಿಮೀರಿ ಭಾರ ಹೇರುವುದು ಅಹಿಂಸಾಣುವ್ರತದ ಅತಿಚಾರ, ಅದಕ್ಕೆ ಅತಿಭಾರಾರೋಪಣವೆಂದು ಹೆಸರು ಎಂದು ಅವರು ನಮಗೆ ಗಾಡಿಯ ಪಕ್ಕದಲ್ಲಿಯೇ ನಿಂತು ಹೇಳಿಕೊಟ್ಟಿದ್ದರು. ಎತ್ತುಗಳು ಹೋಗಿ ಎಂಜಿನ್ ಬಂತು. ಕಬ್ಬಿಣಕ್ಕೆ ಜೀವವಿಲ್ಲವಲ್ಲ ಎಂದು ನಾವು ಆ ಪಾಠವನ್ನು ಎತ್ತುಗಳ ಜೊತೆಗೇ ಕಳಿಸಿಬಿಟ್ಟೆವು.

ಎಂಜಿನ್ ಮಾಡಿದ ಉಪಕಾರವನ್ನೂ ಮರೆಯಬಾರದು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿಯ ಭೂಕಂಪವಾಯಿತು. ಅನಂತ ಚತುರ್ದಶಿ ಮುಗಿದು, ಗಣಪತಿ ಕಳಿಸಿ ಜನ ಮಲಗಿದ್ದ ಹೊತ್ತು. ಕಿಲ್ಲಾರಿ, ಸಾಸ್ತೂರ ಸುತ್ತಲಿನ ಕಲ್ಲುಮಣ್ಣಿನ ಮನೆಗಳು ಕುಸಿದು ಸುಮಾರು ಹತ್ತು ಸಾವಿರ ಜನ ತೀರಿಕೊಂಡರು. ನಮ್ಮ ಡೀಸೆಲ್ ಟೆಂಪೊ ಆ ವಾರವೆಲ್ಲ ಅಕ್ಕಿ, ಬೇಳೆ, ಕಂಬಳಿ ಹೊತ್ತು ಸಾಸ್ತೂರಿಗೆ ಓಡಾಡಿತು. ಅದರ ಕ್ಲೀನರ್ ಆಗಿದ್ದ ಇಪ್ಪತ್ತರ ಹುಡುಗ ಮುಂದೆ ನಮ್ಮಲ್ಲೇ ಡ್ರೈವರ್ ಆದ. ಇಂದು ಮನೆಯ ಮಕ್ಕಳಿಗೆಲ್ಲ ಅವರು 'ಮಾಮಾ'.

ಬ್ಯಾಟರಿ ಗಾಡಿಯ ಮಾತು ತೆಗೆದದ್ದು ಮನೆಯ ಕಿರಿಯರು. ಹಿರಿಯರು ಒಪ್ಪಲಿಲ್ಲ. "ಲೈಟ್ ಹೋದರ ಏನ್ ಮಾಡ್ತೀರಿ? ಕಿಲ್ಲಾರಿಯಂಥಾ ಹೊತ್ತು ಬಂದರ?" ಎಂದರು. ಆ ಪ್ರಶ್ನೆ ಸುಳ್ಳಲ್ಲ. ಆದ್ದರಿಂದ ವಾದ ಬಿಟ್ಟು ಒಂದು ವರ್ಷದ ಗಾಡಿ ಪುಸ್ತಕ ತೆಗೆದು ಕುಳಿತೆವು. ಉದಗೀರದಿಂದ ಉಮರ್ಗಾಕ್ಕೆ ಬೇಳೆ ತರುವ ಲಾರಿ ಹೋಗಿ ಬರುವುದಕ್ಕೆ ಇನ್ನೂರು ಕಿಲೋಮೀಟರಿನ ಆಸುಪಾಸು ಓಡುತ್ತದೆ, ಒಂಬತ್ತು ಟನ್ ಹೊರುತ್ತದೆ. ಆದರೆ ಊರೊಳಗೂ ಗುಂಜೋಟಿ, ಮುರೂಮ, ಯೇಣೆಗೂರು ಕಡೆಗೂ ಹೋಗುವ ಸಣ್ಣ ಗಾಡಿಗಳು ದಿನಕ್ಕೆ 70 ಕಿಲೋಮೀಟರ್ ಮೀರುವುದಿಲ್ಲ. ರಾತ್ರಿ ತಪ್ಪದೆ ಅಂಗಡಿಯ ಮುಂದೆ ನಿಲ್ಲುತ್ತವೆ. ತೀರ್ಮಾನ ಪುಸ್ತಕವೇ ಹೇಳಿತು: ಲಾರಿ ಡೀಸೆಲ್ಲಿನದೇ ಇರಲಿ, ಸಣ್ಣ ಗಾಡಿ ಎರಡು ಬದಲಾಗಲಿ.

ನಾವು ಕೊಂಡದ್ದು 600 ಕಿಲೊ, ಅಂದರೆ 50 ಕಿಲೊ ತೂಕದ ಹನ್ನೆರಡು ಚೀಲ ಹೊರುವ ಗಾಡಿ. ನಮ್ಮ ಪುಸ್ತಕದ ಪ್ರಕಾರ ಹಳೆಯ ಡೀಸೆಲ್ ಗಾಡಿ ಲೀಟರಿಗೆ 15 ಕಿಲೋಮೀಟರ್ ಕೊಡುತ್ತಿತ್ತು. 70 ಕಿಲೋಮೀಟರಿಗೆ 430 ರೂಪಾಯಿ ಹತ್ತಿರ ಖರ್ಚು. ಬ್ಯಾಟರಿಯದು ಅದೇ ದೂರಕ್ಕೆ 16 ಯೂನಿಟ್, ನಮ್ಮ ಬಿಲ್ಲಿನ ದರದಲ್ಲಿ 160 ರೂಪಾಯಿ. ದಿನಕ್ಕೆ 270 ರೂಪಾಯಿ ಉಳಿದರೆ 300 ದಿನಕ್ಕೆ 81,000. ಡೀಸೆಲ್ ಗಾಡಿಗಿಂತ ನಾಲ್ಕು ಲಕ್ಷ ಹೆಚ್ಚು ಕೊಟ್ಟಿದ್ದೆವು. ಅದು ತೀರಲು ಐದು ವರ್ಷ. ಎರಡೇ ವರ್ಷದಲ್ಲಿ ತೀರುತ್ತದೆಂದು ನಮಗೆ ಮಾರಿದವರು ಹೇಳಿದ್ದರು. ಮಾರುವವರ ಲೆಕ್ಕದಲ್ಲಿ ಗಾಡಿ ಒಂದು ದಿನವೂ ನಿಲ್ಲುವುದಿಲ್ಲ; ನಮ್ಮ ಲೆಕ್ಕದಲ್ಲಿ ಹಬ್ಬ, ಮಳೆ, ರಿಪೇರಿ ಎಲ್ಲ ಇವೆ.

ಇನ್ನು ತಪ್ಪಿನ ಲೆಕ್ಕ.

ಹಳೆಯ ಮೂರು ಸಣ್ಣ ಗಾಡಿಗಳಲ್ಲಿ ಮಾಮಾ ನಡೆಸುತ್ತಿದ್ದ ಗಾಡಿಯೇ ಎಲ್ಲಕ್ಕಿಂತ ಹೆಚ್ಚು ಡೀಸೆಲ್ ಕುಡಿಯುತ್ತಿತ್ತು. ಮೆಕ್ಯಾನಿಕ್‌ಗೆ ತೋರಿಸಿದ್ದಾಯಿತು, ಎಂಜಿನ್‌ನಲ್ಲಿ ದೋಷ ಸಿಗಲಿಲ್ಲ. ಆಗ ನಮ್ಮ ಮನಸ್ಸಿನಲ್ಲಿ ಒಂದು ಮಾತು ಹೊಕ್ಕಿತು. ಯಾರೂ ಬಾಯಿಬಿಟ್ಟು 'ಕಳವು' ಎನ್ನಲಿಲ್ಲ. ಆದರೆ ಅವರ ಪಗಾರದಲ್ಲಿ ತಿಂಗಳಿಗೆ 500 ರೂಪಾಯಿ 'ಡೀಸೆಲ್ ಕಡಿತ' ಎಂದು ಬರೆಯತೊಡಗಿದೆವು. ಇಪ್ಪತ್ತೆಂಟು ತಿಂಗಳು ಹಾಗೆಯೇ ನಡೆಯಿತು. ಮಾಮಾ ಒಂದು ಸಲವೂ ಕೇಳಲಿಲ್ಲ. ಅವರ ಮೌನವನ್ನೇ ನಾವು ಒಪ್ಪಿಗೆಯೆಂದು ತಿಳಿದೆವು. ಹೊಸ ಗಾಡಿ ಬಂದ ದಿನ ಮಾತ್ರ ಅವರು, "ಸಾವ್ಕಾರ್ರ, ಇದಕ್ಕ ಡೀಸೆಲ್ ಬ್ಯಾಡ. ನಾಳಿ ಡ್ರೈವರ್‌ನೂ ಬ್ಯಾಡ ಅಂತೀರೇನ್ರಿ?" ಎಂದು ನಕ್ಕರು. ನಾವೂ ನಕ್ಕು ಸುಮ್ಮನಾದೆವು.

ಆ ವರ್ಷ ಗಣೇಶ ಚತುರ್ಥಿಗೆ ನಾಲ್ಕು ದಿನ ಇತ್ತು. ನಿಲಂಗಾದ ಅಂಗಡಿಯಲ್ಲಿ ಕಡಲೆಬೇಳೆ ಮುಗಿದು ಫೋನಿನ ಮೇಲೆ ಫೋನು. ಲಾರಿ ಉದಗೀರದಲ್ಲಿತ್ತು. ಬೆಳಗಿನ ಸುತ್ತು ಮುಗಿಸಿ ಬಂದ ಬ್ಯಾಟರಿ ಗಾಡಿಯನ್ನು ಮಧ್ಯಾಹ್ನ ಸ್ವಲ್ಪ ಹೊತ್ತು ಚಾರ್ಜ್ ಮಾಡಿ, ಹನ್ನೆರಡರ ಬದಲು ಇಪ್ಪತ್ತು ಚೀಲ ಹೇರಿದೆವು. ಡೀಸೆಲ್ ಗಾಡಿಗೆ ಅಷ್ಟು ಹೇರುವುದು ನಮಗೆ ರೂಢಿಯೇ ಆಗಿತ್ತು. "ಲೋಡ್ ಜಾಸ್ತಿ ಆಗ್ಯಾದರಿ" ಎಂದು ಮಾಮಾ ಹೇಳಿದರು. "ನಲವತ್ತು ಕಿಲೋಮೀಟರ್ ದಾರಿ, ಏನಾಗಂಗಿಲ್ಲ ನಡೀರಿ" ಎಂದೆವು. ನಮ್ಮಲ್ಲಿ ಕಿರಿಯವನೊಬ್ಬ ಜೊತೆಗೆ ಹತ್ತಿಕೊಂಡ.

ಕಾಸಾರಸಿರಸಿ ದಾಟಿ, ನಿಲಂಗಾ ಇನ್ನು ಐದಾರು ಕಿಲೋಮೀಟರ್ ಇದೆ ಎನ್ನುವಾಗ ಗಾಡಿ ನಿಂತಿತು. ಹೊತ್ತು ಮುಳುಗಿತ್ತು, ಮಳೆ ಹನಿಯುತ್ತಿತ್ತು. ಚಾರ್ಜ್ ಮಾಡುವ ಸ್ಥಳ ಹತ್ತಿರದಲ್ಲೆಲ್ಲೂ ಇಲ್ಲ. ಡೀಸೆಲ್ಲಾದರೆ ಡಬ್ಬಿಯಲ್ಲಿ ತರಬಹುದು. ಕರೆಂಟನ್ನು ಯಾವ ಡಬ್ಬಿಯಲ್ಲಿ ತರುವುದು? ಪಕ್ಕದ ಹೊಲದ ಮನೆಯವರು ಬಂದು ನೋಡಿ, ನಾಲ್ಕು ಜನ ಕೂಡಿ ಗಾಡಿಯನ್ನು ಅಂಗಳಕ್ಕೆ ತಳ್ಳಿದರು. ಅರ್ಧ ಚೀಲಗಳನ್ನು ಪಡಸಾಲೆಗೆ ಇಳಿಸಿ, ಮನೆಯ ದೊಡ್ಡ ಸಾಕೆಟ್ಟಿಗೆ ತಂತಿ ಹಚ್ಚಿದರು. ಆ ಮನೆಯ ತಾಯಿ ಝುಣಕಾ-ಭಾಕರಿ ತಂದಿಟ್ಟರು. ಮಾಮಾ ಉಂಡರು. ರಾತ್ರಿ ಊಟವಿಲ್ಲದ ನಮ್ಮ ಹುಡುಗ ಬರೀ ನೀರು ಕುಡಿದು ಕೈಮುಗಿದ. ಕಟ್ಟೆಯ ಮೇಲೆ ಕುಳಿತಿದ್ದಾಗ ಮಾಮಾ ಅಂದರಂತೆ: "ತಮ್ಮಾ, ಎತ್ತಾದ್ರ ಭಾರ ಆದಾಗ ಮಲಕೊಂಡು ತೋರಿಸ್ತದ. ಡೀಸೆಲ್ ಗಾಡಿ ಬಾಯಿ ಮುಚ್ಚಕೊಂಡು ಎಳೀತದ. ಇದು ಎತ್ತಿನ ಜಾತೀದು."

ಮರುದಿನ ಹುಡುಗ ಮನೆಗೆ ಬಂದವನೇ ಎರಡು ಪುಸ್ತಕ ಬಿಚ್ಚಿದ. ಯುಗಾದಿಯಿಂದ ಅವನು ಪ್ರತಿದಿನ ಚೀಲದ ಎಣಿಕೆ, ಓಡಿದ ದೂರ, ಉಳಿದ ಚಾರ್ಜ್ ಬರೆದಿಟ್ಟಿದ್ದ. ಹನ್ನೆರಡು ಚೀಲದ ದಿನ 70 ಕಿಲೋಮೀಟರಿಗೆ ಬ್ಯಾಟರಿಯ ಶೇಕಡ 65 ಖರ್ಚು. ಇಪ್ಪತ್ತು ಚೀಲದ ದಿನ ಶೇಕಡ 85. ಆಮೇಲೆ ಹಳೆಯ ಡೀಸೆಲ್ ಪುಸ್ತಕವನ್ನೂ ಮಾಲು ಏರಿಸಿದ ಚೀಟಿಗಳನ್ನೂ ಪಕ್ಕಕ್ಕಿಟ್ಟ. ಮಾಮಾರ ಗಾಡಿ ಹೆಚ್ಚು ಕುಡಿದ ದಿನಗಳೆಲ್ಲ ಮುರೂಮದ ಸುತ್ತಿನ ದಿನಗಳು, ಇಪ್ಪತ್ತು ಚೀಲ ದಾಟಿದ ದಿನಗಳು. ಹೇರಿದವರು ನಾವು. ಬ್ಯಾಟರಿಯಿಂದ ಯಾರೂ ಕರೆಂಟು ಹೀರಿ ಮಾರಲಾರರು. ಅದೂ ಅದೇ ರೀತಿ ಇಳಿದಿತ್ತು. ಡೀಸೆಲ್ ಹೋದದ್ದು ಮಾಮಾರ ಕೈಯಿಂದಲ್ಲ, ನಮ್ಮ ಆಸೆಯ ಭಾರದಿಂದ.

ಅಂದು ನಮ್ಮ ಮನೆಯಲ್ಲಿ ಯಾರೂ ಹೆಚ್ಚು ಮಾತಾಡಲಿಲ್ಲ. ಹಿರಿಯರು ಮಾತ್ರ, "ಎತ್ತಿನ ಮ್ಯಾಲಿನ ಭಾರ ಇಳಿಸಿ ಮನುಷ್ಯಾನ ಮ್ಯಾಲ ಹೇರಿದಿವಿ" ಎಂದರು.

ದಶಲಕ್ಷಣ ಪರ್ವ ಮುಗಿದು ಕ್ಷಮಾವಾಣಿ ಬಂದದ್ದು ಸೆಪ್ಟೆಂಬರ್ 30ಕ್ಕೆ. ಭೂಕಂಪವಾಗಿ ಅಂದಿಗೆ ಮೂವತ್ತು ವರ್ಷ. ಪ್ರತಿವರ್ಷ ನಾವು ಬಂಧುಬಳಗಕ್ಕೆಲ್ಲ ಕ್ಷಮೆ ಕೇಳುತ್ತೇವೆ, ಕಾರ್ಡು ಕಳಿಸುತ್ತೇವೆ. ತಪ್ಪು ಮಾಡಿದ್ದೇ ಒಬ್ಬರಿಗೆ, ಕ್ಷಮೆ ಕೇಳುವುದು ಮತ್ತೊಬ್ಬರಿಗೆ! ಆ ಸಲ ಹಿರಿಯರು ಮೊದಲು ಮಾಮಾರ ಮನೆಗೆ ಹೋದರು. 14,000 ರೂಪಾಯಿಯನ್ನು ಅವರ ಕೈಯಲ್ಲಿಟ್ಟು, ನಡೆದದ್ದನ್ನು ಅವರ ಹೆಂಡತಿ ಮಕ್ಕಳ ಮುಂದೆಯೇ ಹೇಳಿದರು. ಪಗಾರದ ಕಡಿತ ಮನೆಮಂದಿಗೆಲ್ಲ ಗೊತ್ತಿದ್ದ ಮೇಲೆ ಕ್ಷಮೆಯೂ ಅವರೆದುರಿಗೇ ಆಗಬೇಕಲ್ಲವೇ? ಮಾಮಾ ಹಣವನ್ನು ಹೆಂಡತಿಗೆ ಕೊಟ್ಟು, "ಚಾ ಇಡು, ಸಾವ್ಕಾರ್ರು ಬಂದಾರ" ಎಂದರು. ಅಷ್ಟೇ.

ಈ ದಾರಿ ಹಿಡಿಯಬೇಕೆನ್ನುವ ಬಾಂಧವರಿಗೆ ನಮ್ಮ ಅನುಭವದ ನಾಲ್ಕು ಮಾತು. ಮೊದಲು ಒಂದು ವರ್ಷದ ಗಾಡಿ ಪುಸ್ತಕ ನೋಡಿ: ದಿನಕ್ಕೆ ಎಷ್ಟು ದೂರ, ಎಷ್ಟು ತೂಕ, ರಾತ್ರಿ ಎಲ್ಲಿ ನಿಲ್ಲುತ್ತದೆ. ಸರಕಾರದ ಸಹಾಯಧನದ ನಿಯಮಗಳು ವರ್ಷವರ್ಷಕ್ಕೆ ಬದಲಾಗುತ್ತವೆ. 2019ರ ಯೋಜನೆ 2024ರ ಮಾರ್ಚಿನಲ್ಲಿ ಮುಗಿದು, ಅದೇ ಅಕ್ಟೋಬರದಲ್ಲಿ ಬೇರೆ ಯೋಜನೆ ಬಂತು. ಆದ್ದರಿಂದ ಸಹಾಯಧನವಿಲ್ಲದೆಯೇ ಲೆಕ್ಕ ಕೂಡುತ್ತದೆಯೇ ಎಂದು ನೋಡಿ ಕೊಳ್ಳಿ. ಬ್ಯಾಟರಿ ಗಾಡಿಗೆ ಪರ್ಮಿಟ್ ಬೇಡವೆಂದು ಕೇಂದ್ರ ಸರಕಾರ 2018ರಲ್ಲಿಯೇ ಹೇಳಿದೆ, ಅದೊಂದು ಅನುಕೂಲ. ಚಾರ್ಜ್ ಮಾಡುವ ಸಾಕೆಟ್ಟಿಗೆ ಒಳ್ಳೆಯ ಅರ್ಥಿಂಗ್ ಮಾಡಿಸಿ. ಗೋಣಿಚೀಲದ ಗೋದಾಮಿನೊಳಗೆ ಮಾತ್ರ ಎಂದೂ ಇಡಬೇಡಿ. ದೂರದ ದಾರಿಗೂ ಆಪತ್ತಿನ ಹೊತ್ತಿಗೂ ಒಂದು ಡೀಸೆಲ್ ಗಾಡಿ ಇರಲಿ. ಕಿಲ್ಲಾರಿಯನ್ನು ಕಂಡ ನಮ್ಮ ಹಿರಿಯರ ಆ ಮಾತನ್ನು ನಾವು ಉಳಿಸಿಕೊಂಡಿದ್ದೇವೆ.

ಹೊಗೆ ಪೂರ್ತಿ ನಿಂತಿತೆಂದು ಹೆಮ್ಮೆ ಪಡುವಂತೆಯೂ ಇಲ್ಲ. ನಮ್ಮ ಬಾಗಿಲಿನ ಹೊಗೆ ನಿಂತಿದೆ, ಆದರೆ ಪರಳಿಯಂಥ ವಿದ್ಯುತ್ ಕೇಂದ್ರಗಳಲ್ಲಿ ಕಲ್ಲಿದ್ದಲು ಉರಿಯುತ್ತಲೇ ಇದೆ. ಬರಗಾಲದಲ್ಲಿ ನೀರಿಲ್ಲದೆ ಆ ಕೇಂದ್ರವೇ ನಿಂತದ್ದನ್ನೂ ಕಂಡಿದ್ದೇವೆ. ಪೆಟ್ರೋಲಿಗೆ ಶೇಕಡ 20 ಇಥೆನಾಲ್ ಬೆರೆಸುವ ಗುರಿ 2025ರಲ್ಲಿ ಮುಟ್ಟಿತು. ರೈತನಿಗೆ ಅದು ಒಳ್ಳೆಯದೇ. ಆದರೆ 2016ರ ಏಪ್ರಿಲಿನಲ್ಲಿ ಮೀರಜದಿಂದ ರೈಲಿನಲ್ಲಿ ಕುಡಿಯುವ ನೀರು ತರಿಸಿಕೊಂಡ ಲಾತೂರ ಸೀಮೆಯವರು ನಾವು. ಕಬ್ಬು ಕುಡಿಯುವ ನೀರನ್ನೂ ಲೆಕ್ಕಕ್ಕೆ ಹಿಡಿಯಬೇಕು. ಯಾವ ಇಂಧನವೂ ಪುಕ್ಕಟೆಯಲ್ಲ. ಕಡಿಮೆ ಸುಡುವುದೊಂದೇ ನಮ್ಮ ಕೈಯಲ್ಲಿರುವುದು. ಉದಗೀರದ ಮಿಲ್ಲಿನ ತಗಡಿನ ಮೇಲೆ ಸೌರ ಫಲಕ ಹಾಕಿಸುವ ವಿಚಾರ ನಡೆದಿದೆ.

ಈಗ ನಮ್ಮ ಅಂಗಡಿಯ ಗೋಡೆಯ ಮೇಲೆ, ತಕ್ಕಡಿಯ ಪಕ್ಕದಲ್ಲಿ ಸುಣ್ಣದಲ್ಲಿ ಬರೆದಿದೆ: 'ಹನ್ನೆರಡು ಚೀಲ.' ಹಬ್ಬದ ಗದ್ದಲದಲ್ಲಿ ನಮ್ಮಲ್ಲೇ ಯಾರಾದರೂ ಹದಿಮೂರನೆಯದಕ್ಕೆ ಕೈ ಹಾಕಿದರೆ ಮಾಮಾ ಚಾವಿ ತೆಗೆದು ಕಿಸೆಗೆ ಹಾಕಿಕೊಳ್ಳುತ್ತಾರೆ. ನಾವು ಚೀಲ ಇಳಿಸುತ್ತೇವೆ.