ಓದಬೇಡ, ಕೇಳಿದರೆ ಸಾಕು

ಕಳೆದ ಮಳೆಗಾಲದ ಒಂದು ಸಂಜೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಮನೆಯ ಜಗಲಿಗೆ ಬಂದನು. ಬಿಳಿಯ ಕೋಲನ್ನು ಮಡಚಿ ಪಕ್ಕದಲ್ಲಿರಿಸಿ, “ಮಾಷ್ಟ್ರೇ, ಎರಡು ಪುಟ ಓದಿ ಹೇಳುವಿರಾ?” ಎಂದನು. ಹತ್ತು ವರ್ಷಗಳ ಹಿಂದೆ ಅವನು ನನ್ನ ನಾಲ್ಕನೆಯ ತರಗತಿಯಲ್ಲಿದ್ದನು. ಈಗ ಕಾಲೇಜಿನಲ್ಲಿ ಕನ್ನಡ ಸಾಹಿತ್ಯವನ್ನೇ ಮುಖ್ಯ ವಿಷಯವಾಗಿ ಅಭ್ಯಾಸ ಮಾಡುತ್ತಿದ್ದಾನೆ. ಇದನ್ನು ಕೇಳಿ ನನಗೆ ಸಂತೋಷವಾಗಬೇಕಿತ್ತು. ಆದರೆ ಆದದ್ದು ಲಜ್ಜೆ.

ಕಾರಣವನ್ನು ಮುಚ್ಚಿಡಲಾರೆ. ತರಬೇತಿ ಮುಗಿಸಿ ಕಾಸರಗೋಡಿನ ಒಳನಾಡಿನ ಶಾಲೆಗೆ ನಾನು ಸೇರಿದ ಹೊಸತು. ಹುಡುಗನ ದೃಷ್ಟಿ ಅಂದೇ ಬಹಳ ಮಂದವಾಗಿತ್ತು. ಪುಸ್ತಕವನ್ನು ಮೂಗಿಗೆ ತಾಗಿಸಿಕೊಂಡು ಅಕ್ಷರಗಳನ್ನು ಹುಡುಕುತ್ತಿದ್ದನು. ಅದನ್ನು ನೋಡಲಾರದೆ, “ನೀನು ಓದಬೇಡ ಮಗಾ, ಕೇಳಿದರೆ ಸಾಕು” ಎಂದುಬಿಟ್ಟೆ. ಕರುಣೆ ತೋರಿದೆನೆಂಬ ತೃಪ್ತಿಯೂ ನನಗಿತ್ತು. ನಮ್ಮ ದೇಶದ ಭಾಷೆಗಳಿಗೆಲ್ಲ ಹೊಂದುವ ಭಾರತಿ ಬ್ರೈಲ್ ಲಿಪಿ 1951ರಲ್ಲಿಯೇ ರೂಪುಗೊಂಡಿತ್ತು. ಆರು ಚುಕ್ಕೆಗಳ ಆ ಲಿಪಿಯಲ್ಲಿ ಕನ್ನಡವನ್ನು ಬೆರಳಿನಿಂದ ಓದಬಹುದೆಂದು ಅವನ ತಂದೆಗೆ ನಾನು ತಿಳಿಸಬಹುದಿತ್ತು. ತಿಳಿಸಲಿಲ್ಲ. “ಮುಂದೆ ಕಾಲೇಜೆಲ್ಲ ಕಷ್ಟ” ಎಂದು ಮಾತ್ರ ಹೇಳಿದೆ.

ನನ್ನ ಮಾತನ್ನು ಸುಳ್ಳು ಮಾಡಿ ಅವನು ಕಾಲೇಜು ಸೇರಿದನು. ಸರಕಾರದ ಮತ್ತು ಸರಕಾರದ ನೆರವು ಪಡೆಯುವ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ನೂರಕ್ಕೆ 40 ಅಥವಾ ಹೆಚ್ಚಿನ ವೈಕಲ್ಯವುಳ್ಳವರಿಗೆ ನೂರಕ್ಕೆ 5ಕ್ಕೆ ಕಡಿಮೆಯಿಲ್ಲದಷ್ಟು ಸ್ಥಾನಗಳನ್ನು 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಮೀಸಲಿಟ್ಟಿದೆ. ಹೀಗೆ ಬಾಗಿಲೇನೋ ತೆರೆಯಿತು. ಒಳಗಿನ ಪಾಠದ ಗತಿಯೇನು?

ಅವನ ಮೊಬೈಲು ಪರದೆಯ ಮೇಲಿನ ಬರಹವನ್ನು ಗಟ್ಟಿಯಾಗಿ ಓದಿ ಹೇಳುತ್ತದೆ. ಆದರೆ ಕಾಲೇಜಿನಿಂದ ಬರುವ ಟಿಪ್ಪಣಿಗಳು ಕೈಬರಹದ ಪುಟಗಳ ಛಾಯಾಚಿತ್ರಗಳು. ಅಲ್ಲಿ ಯಂತ್ರಕ್ಕೆ ಬಾಯಿ ಕಟ್ಟುತ್ತದೆ. ಹಳೆಯ ತಂತ್ರಾಂಶಗಳಲ್ಲಿ ಬೆರಳಚ್ಚು ಮಾಡಿದ ಕನ್ನಡವೋ, ನಮ್ಮ ಕಣ್ಣಿಗೆ ಕನ್ನಡ, ಯಂತ್ರಕ್ಕೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಅದನ್ನೇ ಯುನಿಕೋಡ್‌ನಲ್ಲಿ ಬರೆದರೆ ತಡೆಯಿಲ್ಲದೆ ಓದುತ್ತದೆ.

ಪರೀಕ್ಷೆಯ ಕಥೆ ಬೇರೆ. ಕೇಂದ್ರ ಸರಕಾರದ 2018ರ ಮಾರ್ಗಸೂಚಿಯು ಇಂಥವರಿಗೆ ಬರಹಗಾರನ ನೆರವನ್ನೂ ಗಂಟೆಗೆ 20 ನಿಮಿಷಕ್ಕೆ ಕಡಿಮೆಯಿಲ್ಲದ ಹೆಚ್ಚುವರಿ ಕಾಲವನ್ನೂ ಹೇಳಿತ್ತು. ಅವನಿಗೆ ಒದಗಿದ ಬರಹಗಾರನು ಒಳ್ಳೆಯ ಹುಡುಗನೇ. ಆದರೆ ಕಲಿತದ್ದು ಮಲಯಾಳದಲ್ಲಿ. ಒಂದೊಂದು ಒತ್ತಕ್ಷರವನ್ನೂ ಬಿಡಿಸಿ ಹೇಳಿ ಬರೆಸುವುದರಲ್ಲಿ ಹೆಚ್ಚುವರಿ ಕಾಲವೆಲ್ಲ ಕರಗಿತಂತೆ. ಗಡಿನಾಡಿನ ಕನ್ನಡಿಗನಾಗಿ ಒಂದು ತೊಡಕು, ಕುರುಡನಾಗಿ ಮತ್ತೊಂದು. ಎರಡೂ ಸೇರಿದಾಗ ಅವನ ತಿಳಿವಳಿಕೆಯಲ್ಲಿ ಕಾಲುಪಾಲೂ ಉತ್ತರಪತ್ರಿಕೆಗೆ ಇಳಿಯಲಿಲ್ಲ.

ಹೆಲೆನ್ ಕೆಲ್ಲರ್ 1904ರಲ್ಲಿ ರ‍್ಯಾಡ್‌ಕ್ಲಿಫ್ ಕಾಲೇಜಿನಿಂದ ಪದವೀಧರೆಯಾದ ಸಂಗತಿಯನ್ನು ನಾವು ತರಗತಿಯಲ್ಲಿ ಸಾಹಸದ ಕಥೆಯೆಂದು ಹೇಳುತ್ತೇವೆ. ಅವಳ ಪಕ್ಕದಲ್ಲಿ ಕುಳಿತು ಉಪನ್ಯಾಸಗಳನ್ನು ಬೆರಳಸಂಜ್ಞೆಗಳಿಂದ ಅಂಗೈಗೆ ಮುಟ್ಟಿಸುತ್ತಿದ್ದ ಆನ್ ಸಲಿವನ್‌ರನ್ನು ಅಷ್ಟಾಗಿ ನೆನೆಯುವುದಿಲ್ಲ. ಶಿಷ್ಯೆಯ ಧೈರ್ಯವನ್ನು ಕೊಂಡಾಡುವುದು ಸುಲಭ. ಗುರುವಿನ ಕೆಲಸವನ್ನು ಹೊತ್ತುಕೊಳ್ಳುವುದು ಕಷ್ಟ.

ಅಂದು ಎರಡು ಪುಟವಲ್ಲ, ಹದಿನಾಲ್ಕು ಪುಟ ಓದಿದೆ. ಹೊರಡುವಾಗ ಅವನು ಸಂಕೋಚದಿಂದ, “ನೀವು ಓದಿದ್ದು ಇಂದಿಗಾಯಿತು ಮಾಷ್ಟ್ರೇ. ಬೆರಳಚ್ಚು ಮಾಡಿ ಕೊಟ್ಟರೆ ಬೇಕಾದಾಗ ನಾನೇ ಓದಿಕೊಳ್ಳಬಹುದು” ಎಂದನು. ಹತ್ತು ವರ್ಷಗಳ ಹಿಂದಿನ ನನ್ನ ಮಾತಿಗೆ ಉತ್ತರ ಬಂದಂತಾಯಿತು. ಅಂದಿನಿಂದ ದಿನಕ್ಕೆರಡು ಪುಟ ಬೆರಳಚ್ಚು ಮಾಡುತ್ತಿದ್ದೇನೆ. ನೆರೆಯ ಹೈಸ್ಕೂಲಿನ ಮೂವರು ಮಕ್ಕಳೂ ಜೊತೆಗೂಡಿದ್ದಾರೆ. ಮುಂದೆ ಅವರಲ್ಲೊಬ್ಬರು ಅವನಂಥವರಿಗೆ ಕನ್ನಡದ ಬರಹಗಾರರೂ ಆದಾರು.

ಈ ವರ್ಷ ನನ್ನ ತರಗತಿಯಲ್ಲಿ ಮಂದದೃಷ್ಟಿಯ ಬಾಲೆಯೊಬ್ಬಳಿದ್ದಾಳೆ. ಅವಳ ತಾಯಿಯನ್ನು ಕರೆಸಿ ಬ್ರೈಲ್ ಕಲಿಕೆಯ ವಿಷಯವನ್ನು ಮಾತನಾಡಿದೆ. ಮೊನ್ನೆ ಪಾಠವನ್ನು ದಪ್ಪ ಅಕ್ಷರಗಳಲ್ಲಿ ಬರೆದು ಅವಳ ಮುಂದಿಟ್ಟು, “ಓದು ಮಗಾ” ಎಂದೆ. ಒಂದು ವಾಕ್ಯಕ್ಕೆ ಬಹಳ ಹೊತ್ತು ಹಿಡಿಯಿತು. ತರಗತಿಯೆಲ್ಲ ಕಾದಿತು, ನಾನೂ ಕಾದೆ.